ಆದಿವಾಸಿ ಹಕ್ಕುಗಳ ರಕ್ಷಣೆ, ಹೈದರಾಬಾದ್ ಸೀಮೆಯಲ್ಲಿ

ಹೈದರಾಬಾದ್ ಸಂಸ್ಥಾನದಲ್ಲಿ, ಮುಂದೆ ಆಂಧ್ರಪ್ರದೇಶ ಮತ್ತು ತೆಲಂಗಾಣ ರಾಜ್ಯಗಳಲ್ಲಿ, ಗೋಂಡ, ಕೋಲಾಮ, ಕೋಯ, ಚೆಂಚು, ಕೊಂಡರೆಡ್ಡಿ ಮೊದಲಾದ ಬುಡಕಟ್ಟುಗಳ ನೆಲ, ಕಾಡು, ಜೀವ, ಮಾನಗಳನ್ನು ಉಳಿಸಲು ನಡೆದ ಬಂಡಾಯ, ಶಾಸನ, ಮೊಕದ್ದಮೆ ಮತ್ತು ಸಂಘಟನೆಗಳ ಚರಿತ್ರೆ. ಇದು ನಡೆದಿರುವುದು ಎರಡು ಕಡೆ. ಒಂದು, ಗೋದಾವರಿ ಮತ್ತು ಪ್ರಾಣಹಿತಾ ನದಿಗಳ ಮಗ್ಗುಲಿನ ಆದಿಲಾಬಾದ್ ಗುಡ್ಡಗಳು, ಭದ್ರಾಚಲದ ಕಾಡು, ಕೃಷ್ಣೆಯ ದಂಡೆಯ ನಲ್ಲಮಲ. ಇನ್ನೊಂದು, ಕಡತಗಳು ಕೂತಿರುವ ಹೈದರಾಬಾದ್ ನಗರ. ಆದಿಲಾಬಾದಿಗೂ ಹೈದರಾಬಾದಿಗೂ ನಡುವೆ ಸುಮಾರು 300 ಕಿಲೋಮೀಟರ್. ಗುಡ್ಡದಲ್ಲಿ ಗುಂಡಿನ ಸದ್ದಾದ ಮೇಲೆ ನಗರದಲ್ಲಿ ಕಾಯಿದೆ ಬರೆಯುವುದು ಇಲ್ಲಿನ ಹಳೆಯ ರೂಢಿ. ಹಾಗೆ ಬರೆದ ಕಾಯಿದೆಗಳು ಕಾಗದದ ಮೇಲೆ ಏಷ್ಯಾದಲ್ಲೇ ಗಟ್ಟಿಯಾದವುಗಳ ಸಾಲಿಗೆ ಸೇರುತ್ತವೆ. ಹೀಗಾಗಿ ಇಲ್ಲಿನ ಹೋರಾಟ ಕಾಯಿದೆ ಬೇಕೆಂದು ನಡೆದದ್ದಕ್ಕಿಂತ, ಇರುವ ಕಾಯಿದೆ ಪಹಣಿಗೆ ಇಳಿಯಲಿ ಎಂದು ನಡೆದದ್ದೇ ಹೆಚ್ಚು.

ಜೋಡೆಘಾಟ್

1920ರ ದಶಕದಲ್ಲಿ ನಿಜಾಮ್ ಸರ್ಕಾರದ ಅರಣ್ಯ ಇಲಾಖೆ ಆದಿಲಾಬಾದಿನ ಗುಡ್ಡಗಳಲ್ಲಿ ಮೀಸಲು ಕಾಡಿನ ಗಡಿ ಹಾಕಿತು. ಗೋಂಡರದೂ ಕೋಲಾಮರದೂ ಒಂದೇ ಕಡೆ ನಿಂತ ಬೇಸಾಯ ಆಗಿರಲಿಲ್ಲ. ಕಾಡು ಕಡಿದು, ಸುಟ್ಟು, ಕೆಲವು ವರ್ಷ ಬಿತ್ತಿ, ನೆಲ ಸೋತಾಗ ಬೀಳು ಬಿಟ್ಟು ಮುಂದೆ ಹೋಗುವವರು ಅವರು. ತೆಲುಗಿನಲ್ಲಿ ಇದಕ್ಕೆ ಪೋಡು ಎನ್ನುತ್ತಾರೆ. ನಮ್ಮ ಘಟ್ಟದ ಸೀಮೆಯಲ್ಲಿ ಇದೇ ಕುಮರಿ. ಬೀಳು ಬಿಟ್ಟ ಹೊಲವನ್ನು ಅಳೆಯುವವರು ಕಾಡೆಂದು ಬರೆದುಕೊಂಡರು. ಅದೇ ಹೊತ್ತಿಗೆ ಕಾಜಿಪೇಟೆಯಿಂದ ಬಲ್ಲಾರ್‌ಶಾ ಕಡೆಗೆ ರೈಲು ಬಂತು, ಬಯಲಿನ ರೈತರೂ ಸಾಹುಕಾರರೂ ಅದರ ಬೆನ್ನಿಗೆ ಬಂದರು. ಓದು ಬಾರದ ಗೋಂಡನ ಹೊಲ ಇನ್ನೊಬ್ಬನ ಹೆಸರಿನ ಪಟ್ಟಾ ಆಗಲು ಒಬ್ಬ ಪಟವಾರಿ ಮನಸ್ಸು ಮಾಡಿದ್ದರೆ ಸಾಕಾಗಿತ್ತು.

ಅರಣ್ಯ ಸಿಬ್ಬಂದಿ ಗುಡಿಸಲು ಸುಟ್ಟು ಒಕ್ಕಲೆಬ್ಬಿಸಿದಾಗ ಆಸಿಫಾಬಾದ್ ಕಡೆಯ ಕೊಮರಂ ಭೀಮ ತನ್ನ ಜನರನ್ನು ಜೋಡೆಘಾಟಿನ ಸುತ್ತ ಒಟ್ಟುಗೂಡಿಸಿದ. ಅವನ ಹೆಸರಿನೊಂದಿಗೆ ಇಂದು ‘ಜಲ್, ಜಂಗಲ್, ಜಮೀನ್’ ಎಂಬ ಘೋಷಣೆ ಸೇರಿಕೊಂಡಿದೆ. ಅವನ ಬೇಡಿಕೆ ಮಾತ್ರ ಬಲು ನಿರ್ದಿಷ್ಟವಾಗಿತ್ತು: ತಾವು ಉಳುತ್ತಿರುವ ಹನ್ನೆರಡು ಹಳ್ಳಿಗಳ ನೆಲಕ್ಕೆ ಹಕ್ಕು. 1940ರಲ್ಲಿ ಪೊಲೀಸರು ಗುಡ್ಡ ಹತ್ತಿ ಗುಂಡು ಹಾರಿಸಿ ಭೀಮನನ್ನೂ ಅವನ ಸಂಗಡಿಗರನ್ನೂ ಕೊಂದರು. ದಿನಾಂಕದ ವಿಷಯದಲ್ಲಿ ಬರೆದವರಲ್ಲಿ ಒಮ್ಮತವಿಲ್ಲ. ಗೋಂಡರಿಗೆ ಆ ಗೊಂದಲವಿಲ್ಲ, ಅವರು ಆಶ್ವಯುಜದ ಹುಣ್ಣಿಮೆಗೆ, ಅಂದರೆ ನಮ್ಮ ಸೀಗೆ ಹುಣ್ಣಿಮೆಗೆ, ಜೋಡೆಘಾಟಿನಲ್ಲಿ ಸೇರುತ್ತಾರೆ. 2022ರ ‘ಆರ್‌ಆರ್‌ಆರ್’ ಚಿತ್ರದಿಂದ ಭೀಮನ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು. ಆ ಚಿತ್ರದ ಭೀಮ ದಿಲ್ಲಿಯಲ್ಲಿ ಬಿಳಿಯರ ಅರಮನೆಗೆ ನುಗ್ಗುತ್ತಾನೆ. ನಿಜವಾದ ಭೀಮನ ಎದುರಾಳಿಗಳು ತಾಲೂಕಿನ ಮಟ್ಟದ ಅರಣ್ಯ ನೌಕರರು ಮತ್ತು ಕಂದಾಯದ ಗುಮಾಸ್ತರು. ಇಂಥವರ ಮೇಲೆ ಸಿನಿಮಾ ತೆಗೆಯುವುದು ಕಷ್ಟ.

ಹೈಮೆಂಡಾರ್ಫ್ ಮತ್ತು 1946ರ ನಿಬಂಧನೆ

ಬಂಡಾಯಕ್ಕೆ ಕಾರಣ ಹುಡುಕಲು ಸರ್ಕಾರ ನೆಚ್ಚಿಕೊಂಡದ್ದು ಒಬ್ಬ ವಿದೇಶಿ ಮಾನವಶಾಸ್ತ್ರಜ್ಞನನ್ನು. ವಿಯೆನ್ನಾದ ಕ್ರಿಸ್ಟೋಫ್ ಫಾನ್ ಫ್ಯೂರರ್-ಹೈಮೆಂಡಾರ್ಫ್ 1939ರಲ್ಲಿ ಭಾರತಕ್ಕೆ ಬಂದಿಳಿದ ಕೆಲವೇ ದಿನಗಳಲ್ಲಿ ಯುದ್ಧ ಶುರುವಾಯಿತು. ಕೈಯಲ್ಲಿದ್ದದ್ದು ಜರ್ಮನ್ ಪಾಸ್‌ಪೋರ್ಟ್, ಆದ್ದರಿಂದ ಬ್ರಿಟಿಷರ ಕಣ್ಣಿಗೆ ಅವರು ಶತ್ರುದೇಶದ ಪ್ರಜೆ. ನಿಜಾಮನ ಸಂಸ್ಥಾನದ ಎಲ್ಲೆಯೊಳಗೆ ಇರಲು ಅನುಮತಿ ಸಿಕ್ಕಿತು. ಹೀಗೆ ಒಂದು ಬಗೆಯ ನಿರ್ಬಂಧದಲ್ಲಿದ್ದುಕೊಂಡೇ ಅವರು ಪತ್ನಿ ಬೆಟ್ಟಿ ಎಲಿಜಬೆತ್ ಜೊತೆ ಮೊದಲು ಚೆಂಚುಗಳ ನಡುವೆ, ಆಮೇಲೆ ಗೋದಾವರಿಯ ಕೊಂಡರೆಡ್ಡಿಗಳ ನಡುವೆ, ಕೊನೆಗೆ ಆದಿಲಾಬಾದಿನ ರಾಜಗೋಂಡರ ನಡುವೆ ಬಾಳಿದರು. ಗೋಂಡರ ಊರಾದ ಮಾರ್ಲವಾಯಿಯಲ್ಲಿ ಅವರ ಬಿಡಾರ.

ಅವರ ವರದಿಗಳು ‘ಟ್ರೈಬಲ್ ಹೈದರಾಬಾದ್’ ಎಂಬ ಹೆಸರಿನಲ್ಲಿ 1945ರಲ್ಲಿ ಪ್ರಕಟವಾದವು. ಗೋಂಡರು ಹಿಂಸಾಪ್ರಿಯರಲ್ಲ, ನೆಲ ಕಳೆದುಕೊಂಡವರು ಎಂಬುದು ಅವುಗಳ ತಿರುಳು. ಬಸ್ತರಿನ ಮಾರಿಯಾ ಗೋಂಡರ ಮೇಲೆ ಪುಸ್ತಕ ಬರೆದಿದ್ದ ಡಬ್ಲ್ಯು. ವಿ. ಗ್ರಿಗ್ಸನ್ ಆಗ ಹೈದರಾಬಾದಿನಲ್ಲಿ ಕಂದಾಯ ಮತ್ತು ಪೊಲೀಸ್ ಖಾತೆ ನೋಡುತ್ತಿದ್ದುದರಿಂದ ಈ ಮಾತಿಗೆ ಬೆಲೆ ಬಂತು. ಹೈಮೆಂಡಾರ್ಫ್ ಸರ್ಕಾರಕ್ಕೆ ಬುಡಕಟ್ಟುಗಳ ಸಲಹೆಗಾರರಾದರು, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರೂ ಆದರು. 1943ರಲ್ಲಿ ಮಾರ್ಲವಾಯಿಯಲ್ಲಿ ಗೋಂಡ ಶಿಕ್ಷಕರ ತರಬೇತಿ ಆರಂಭವಾಯಿತು, ದೇವನಾಗರಿ ಲಿಪಿಯಲ್ಲಿ ಗೋಂಡಿ ಭಾಷೆಯ ಪಾಠಪುಸ್ತಕಗಳು ಬಂದವು. ಸಂಸ್ಥಾನದ ಶಿಕ್ಷಣ ಉರ್ದುವಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಸಾವಿರಾರು ಕುಟುಂಬಗಳಿಗೆ ಪಟ್ಟಾ ಹಂಚಲಾಯಿತು. ಈ ಕೆಲಸದಲ್ಲಿ ತೊಡಗಿದ್ದ ಸಂಸ್ಥಾನದ ಅಧಿಕಾರಿ, ಮುಂದೆ ಮರಾಠಿ ಇತಿಹಾಸಕಾರರೆಂದು ಹೆಸರಾದ ಸೇತುಮಾಧವರಾವ್ ಪಗಡಿ, ಗೋಂಡಿ ಮತ್ತು ಕೋಲಾಮಿ ಭಾಷೆಗಳನ್ನು ಕಲಿತು ಅವುಗಳ ವ್ಯಾಕರಣಗಳನ್ನೇ ಬರೆದರು.

1946ರಲ್ಲಿ ಹೊರಬಿದ್ದ ಹೈದರಾಬಾದ್ ಬುಡಕಟ್ಟು ಪ್ರದೇಶಗಳ ನಿಬಂಧನೆ (1356 ಫಸಲಿ) ಇದೆಲ್ಲದರ ಫಲ. ಗೊತ್ತುಪಡಿಸಿದ ಪ್ರದೇಶಗಳನ್ನು ಮಾಮೂಲಿ ಸಿವಿಲ್ ಕೋರ್ಟುಗಳ ಹಿಡಿತದಿಂದ ಹೊರಗಿಟ್ಟು, ಬುಡಕಟ್ಟು ಪಂಚಾಯಿತಿಗಳಿಗೂ ವಿಶೇಷ ಅಧಿಕಾರಿಗೂ ವ್ಯಾಜ್ಯ ತೀರಿಸುವ ಅಧಿಕಾರ ಕೊಟ್ಟದ್ದು ಇದರ ವಿಶೇಷ. ಸಾಹುಕಾರ ಗೆಲ್ಲುತ್ತಿದ್ದುದೇ ಸಿವಿಲ್ ಕೋರ್ಟಿನಲ್ಲಿ. ವಕೀಲನೂ ಸ್ಟಾಂಪ್ ಕಾಗದವೂ ಅವನ ಕಡೆ ಇರುತ್ತಿದ್ದವು. 1949ರಲ್ಲಿ ಇದರ ಜಾಗಕ್ಕೆ ಇನ್ನೊಂದು ನಿಬಂಧನೆ ಬಂತು. 1950ರಲ್ಲಿ, ಬುಡಕಟ್ಟು ಪ್ರದೇಶಗಳಿಗೆ ವಿಶೇಷ ಆಡಳಿತ ಗೊತ್ತುಪಡಿಸುವ ಸಂವಿಧಾನದ ಐದನೆಯ ಅನುಸೂಚಿಯ ಕೆಳಗೆ, ಆದಿಲಾಬಾದ್, ವರಂಗಲ್ ಮತ್ತು ಮೆಹಬೂಬನಗರ ಜಿಲ್ಲೆಗಳ ಭಾಗಗಳು ಅನುಸೂಚಿತ ಪ್ರದೇಶಗಳಾದವು. ಅದೇ ಸಂಸ್ಥಾನದ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳಲ್ಲಿ ಅಂಥ ಪ್ರದೇಶ ಇರಲಿಲ್ಲ. ಇಂದಿಗೂ ಕರ್ನಾಟಕದಲ್ಲಿ ಐದನೆಯ ಅನುಸೂಚಿಯ ಒಂದು ಹಳ್ಳಿಯೂ ಇಲ್ಲ.

ಹೈಮೆಂಡಾರ್ಫ್ 1970ರ ದಶಕದ ಕೊನೆಯಲ್ಲಿ ಮತ್ತೆ ಬಂದು ತಾವು ಪಟ್ಟಾ ಹಂಚಿಸಿದ್ದ ಹಳ್ಳಿಗಳನ್ನು ಸುತ್ತಿದರು. ಹೊಲಗಳು ಕೈಬಿಟ್ಟು ಹೋಗಿದ್ದವು. ಅದರ ಕಥೆಯೇ 1982ರ ‘ಟ್ರೈಬ್ಸ್ ಆಫ್ ಇಂಡಿಯಾ: ದಿ ಸ್ಟ್ರಗಲ್ ಫಾರ್ ಸರ್ವೈವಲ್’. ಬೆಟ್ಟಿ 1987ರ ಜನವರಿಯಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡಾಗ ಅವರನ್ನು ಮಾರ್ಲವಾಯಿಯಲ್ಲೇ ಮಣ್ಣು ಮಾಡಿದರು. 1995ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಹೈಮೆಂಡಾರ್ಫರ ಸ್ಮಾರಕವೂ ಈಗ ಪಕ್ಕದಲ್ಲಿದೆ.

ಕೇಸ್ಲಾಪುರ, ಇಂದ್ರವೆಲ್ಲಿ

ಪುಷ್ಯ ಅಮಾವಾಸ್ಯೆಗೆ ಕೇಸ್ಲಾಪುರದಲ್ಲಿ ಗೋಂಡರ ಮೇಸ್ರಂ ಕುಲದವರು ನಾಗೋಬಾ ಜಾತ್ರೆ ನಡೆಸುತ್ತಾರೆ. ಗೋದಾವರಿಯ ನೀರನ್ನು ನಡೆದೇ ತರುವುದು ಅಲ್ಲಿನ ಪದ್ಧತಿ. ಭೀಮನ ಸಾವಿನ ನಂತರ, 1940ರ ದಶಕದಲ್ಲಿ, ಈ ಜಾತ್ರೆಯಲ್ಲಿ ಅಧಿಕಾರಿಗಳು ಕೂತು ಅಹವಾಲು ಕೇಳುವ ದರ್ಬಾರ್ ಶುರುವಾಯಿತು. ಅದು ಹೈಮೆಂಡಾರ್ಫರ ಸಲಹೆ. ನಗರಕ್ಕೆ ಬರಲಾಗದವರ ಹತ್ತಿರಕ್ಕೆ ನಗರವೇ ವರ್ಷಕ್ಕೊಮ್ಮೆ ಹೋಗಲಿ ಎಂಬ ಯೋಚನೆ ಅದರ ಹಿಂದಿತ್ತು. ದರ್ಬಾರ್ ಇಂದಿಗೂ ನಡೆಯುತ್ತದೆ.

ಕೇಸ್ಲಾಪುರಕ್ಕೆ ಕೂಗಳತೆಯೆನ್ನಬಹುದಾದ ದೂರದಲ್ಲಿ ಇಂದ್ರವೆಲ್ಲಿ. 1981ರ ಏಪ್ರಿಲ್ 20, ಸೋಮವಾರ, ಸಂತೆಯ ದಿನ. ಪೋಡು ಭೂಮಿಗೆ ಪಟ್ಟಾ ಕೇಳಲು ಗಿರಿಜನ ರೈತು ಕೂಲಿ ಸಂಘಂ ಅಲ್ಲಿ ಸಭೆ ಕರೆದಿತ್ತು. ಸಭೆಗೆ ಅನುಮತಿ ಇಲ್ಲವೆಂದೂ ನಿಷೇಧಾಜ್ಞೆ ಇದೆಯೆಂದೂ ದೂರದ ಗೂಡೆಗಳಿಂದ, ಅಂದರೆ ಹಾಡಿಗಳಿಂದ, ನಡೆದು ಬರುತ್ತಿದ್ದವರಿಗೆ ಗೊತ್ತಿರಲಿಲ್ಲ. ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು 13. ನಾಗರಿಕ ಹಕ್ಕುಗಳ ತಂಡಗಳ ಲೆಕ್ಕ ಅದಕ್ಕಿಂತ ಹಲವು ಪಟ್ಟು ಹೆಚ್ಚು. ಅಲ್ಲಿ ಎದ್ದ ಕೆಂಪು ಸ್ತೂಪವನ್ನು ಒಮ್ಮೆ ಸ್ಫೋಟಿಸಿ ಕೆಡವಿದರು, ಅದನ್ನು ಮತ್ತೆ ಕಟ್ಟಲಾಯಿತು. ಮುಂದಿನ ಹಲವು ವರ್ಷ ಏಪ್ರಿಲ್ 20 ಬಂತೆಂದರೆ ಊರಿನಲ್ಲಿ 144ನೆಯ ಸೆಕ್ಷನ್, ಸತ್ತವರಿಗೆ ಹೂವಿಡಲು ಮನೆಯವರಿಗೂ ತಡೆ. ಅಹವಾಲು ಕೇಳುವ ದರ್ಬಾರೂ ಅಹವಾಲು ತಂದವರ ಮೇಲಿನ ಗುಂಡೂ ಇಷ್ಟು ಹತ್ತಿರ ಹತ್ತಿರ ಇರುವ ಜಾಗ ಬೇರೆಲ್ಲೂ ಸಿಗಲಾರದು.

1/70

ಏಜೆನ್ಸಿ ಹಳ್ಳಿಗಳಲ್ಲಿ, ಅಂದರೆ ಅನುಸೂಚಿತ ಪ್ರದೇಶಗಳಲ್ಲಿ, ‘ವನ್ ಸೆವೆಂಟಿ’ ಎಂದರೆ ಮಕ್ಕಳಿಗೂ ಗೊತ್ತು. 1959ರ ಆಂಧ್ರಪ್ರದೇಶ ಅನುಸೂಚಿತ ಪ್ರದೇಶಗಳ ಭೂ ವರ್ಗಾವಣೆ ನಿಬಂಧನೆಯನ್ನು ತಿದ್ದಿದ 1970ರ ಒಂದನೆಯ ನಿಬಂಧನೆಗೆ ಜನ ಇಟ್ಟ ಹೆಸರು ಅದು. 1959ರ ಪಾಠ ತೆಲಂಗಾಣ ಭಾಗಕ್ಕೆ ಬಂದದ್ದು 1963ರಲ್ಲಿ. ಅದರಲ್ಲಿ ಅಧಿಕಾರಿಯ ಒಪ್ಪಿಗೆಯಿದ್ದರೆ ಆದಿವಾಸಿಯಲ್ಲದವನೂ ಜಮೀನು ಕೊಳ್ಳಬಹುದಿತ್ತು. ಒಪ್ಪಿಗೆ ಹೇಗೆ ಸಿಗುತ್ತಿತ್ತು ಎಂದು ವಿವರಿಸಬೇಕಿಲ್ಲ. 1967ರಿಂದ ಶ್ರೀಕಾಕುಳಂ ಗುಡ್ಡಗಳಲ್ಲಿ ಸಶಸ್ತ್ರ ದಂಗೆಯೆದ್ದ ಮೇಲೆ ಸರ್ಕಾರ ಆ ಬಾಗಿಲನ್ನೂ ಮುಚ್ಚಿತು. 1970ರ ಫೆಬ್ರವರಿ 3ರಿಂದ ಅನುಸೂಚಿತ ಪ್ರದೇಶದ ಜಮೀನನ್ನು ಆದಿವಾಸಿಗೆ ಬಿಟ್ಟು ಬೇರೆ ಯಾರಿಗೂ ಮಾರುವಂತಿಲ್ಲ. ಆದಿವಾಸಿಯಲ್ಲದ ಇಬ್ಬರ ನಡುವೆಯೂ ಮಾರಾಟ ನಡೆಯುವಂತಿಲ್ಲ. ಆದಿವಾಸಿಯಲ್ಲದವನ ವಶದಲ್ಲಿರುವ ಜಮೀನು, ಬೇರೆ ರೀತಿ ಸಾಬೀತಾಗುವ ತನಕ, ಆದಿವಾಸಿಯಿಂದಲೇ ಬಂದದ್ದೆಂದು ಕಾನೂನು ಭಾವಿಸುತ್ತದೆ. ಸಾಬೀತು ಮಾಡುವ ಹೊರೆ ಅವನದು. ಸುಪ್ರೀಂ ಕೋರ್ಟ್ 1988ರಲ್ಲಿ ಇದನ್ನು ಎತ್ತಿಹಿಡಿಯಿತು. ಹೋಲಿಸಿ ನೋಡಲು ಕರ್ನಾಟಕದ 1978ರ ಪಿಟಿಸಿಎಲ್ ಕಾಯಿದೆ ಇದೆ. ಅದು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿಗಷ್ಟೇ ರಕ್ಷಣೆ ಕೊಡುತ್ತದೆ, ಒಂದು ಇಡೀ ಪ್ರದೇಶಕ್ಕೆ ಬೇಲಿ ಹಾಕುವುದಿಲ್ಲ.

ಇಷ್ಟು ಬಿಗಿಯಾದ ಬೇಲಿಯಲ್ಲೂ ಕಿಂಡಿಗಳಿದ್ದವು. ಹಳೆಯ ತಾರೀಕಿನ ಬಿಳಿ ಕಾಗದದ ಕ್ರಯಪತ್ರ, ಆದಿವಾಸಿ ಆಳಿನ ಹೆಸರಿನ ಬೇನಾಮಿ, ಆದಿವಾಸಿ ಹೆಣ್ಣನ್ನು ಮದುವೆಯಾಗಿ ಅವಳ ಹೆಸರಿನಲ್ಲಿ ಮಾಡುವ ಬೇಸಾಯ, ಇವು ಮೂರು ಮಾಮೂಲಿ ದಾರಿಗಳು. ಇವನ್ನು ದಾಟಿ ವಿಶೇಷ ಡೆಪ್ಯುಟಿ ಕಲೆಕ್ಟರ್ ಕೋರ್ಟಿನಲ್ಲಿ ಆದಿವಾಸಿ ಗೆದ್ದರೂ ಹೈದರಾಬಾದಿನ ಹೈಕೋರ್ಟಿನಿಂದ ತಡೆಯಾಜ್ಞೆ ಬರುತ್ತಿತ್ತು. ಆಜ್ಞೆ ತೆರವಾಗುವ ಹೊತ್ತಿಗೆ ಒಂದು ತಲೆಮಾರು ಕಳೆದಿರುತ್ತಿತ್ತು.

ನಗರದ ವಕೀಲರು

ಈ ಕಾರಣಕ್ಕೇ ಹೈದರಾಬಾದಿನಲ್ಲಿ ಹಕ್ಕುಗಳ ಕಾರ್ಯಕರ್ತ ಬಹುಮಟ್ಟಿಗೆ ವಕೀಲನೂ ಆಗಬೇಕಾಯಿತು. ಬಳ್ಳಾರಿಯಲ್ಲಿ 1952ರಲ್ಲಿ ಹುಟ್ಟಿದ ಕೆ. ಬಾಲಗೋಪಾಲ್ ಗಣಿತದ ಮೇಷ್ಟರು. ಕಾಕತೀಯ ವಿಶ್ವವಿದ್ಯಾಲಯದ ಕೆಲಸ ಬಿಟ್ಟು ಆಂಧ್ರಪ್ರದೇಶ ನಾಗರಿಕ ಸ್ವಾತಂತ್ರ್ಯಗಳ ಸಮಿತಿಯ (ಎಪಿಸಿಎಲ್‌ಸಿ) ಪ್ರಧಾನ ಕಾರ್ಯದರ್ಶಿಯಾಗಿ ದುಡಿದರು. ನಕ್ಸಲರ ಹಿಂಸೆಯನ್ನೂ ಪ್ರಶ್ನಿಸಬೇಕು ಎಂಬ ಭಿನ್ನಾಭಿಪ್ರಾಯದಿಂದ ಹೊರಬಂದು 1998ರಲ್ಲಿ ಮಾನವ ಹಕ್ಕುಗಳ ವೇದಿಕೆ ಕಟ್ಟಿದರು. ನಡುವೆ ಕಾನೂನು ಓದಿ ಹೈಕೋರ್ಟಿನಲ್ಲಿ ಆದಿವಾಸಿಗಳ, ದಲಿತರ ಮೊಕದ್ದಮೆಗಳನ್ನು ಹಿಡಿದರು. 2009ರ ಅಕ್ಟೋಬರ್ 8ರಂದು ತೀರಿಕೊಂಡರು. ಈ ಕೆಲಸಕ್ಕೆ ಬೆಲೆ ತೆತ್ತವರು ಹಲವರು: ಎಪಿಸಿಎಲ್‌ಸಿಯ ಮಕ್ಕಳ ವೈದ್ಯ ಎ. ರಾಮನಾಥಂ 1985ರಲ್ಲಿ ವರಂಗಲ್‌ನಲ್ಲಿ, ಟಿ. ಪುರುಷೋತ್ತಂ 2000ದಲ್ಲಿ ಹೈದರಾಬಾದಿನಲ್ಲಿ ಕೊಲೆಯಾದರು.

ಸರ್ಕಾರದ ಒಳಗೂ ಒಂದು ಧಾರೆಯಿತ್ತು. ಐಎಎಸ್ ಅಧಿಕಾರಿ ಎಸ್. ಆರ್. ಶಂಕರನ್ ಸಮಾಜ ಕಲ್ಯಾಣ ಇಲಾಖೆಯನ್ನು ಕಾನೂನಿನ ಕಡೆ ತಿರುಗಿಸಿದವರು. 1987ರಲ್ಲಿ ನಕ್ಸಲರು ಅಪಹರಿಸಿದ ಅಧಿಕಾರಿಗಳಲ್ಲಿ ಅವರೂ ಒಬ್ಬರು. ಮುಂದೆ ಅವರೇ ಕಳವಳಗೊಂಡ ನಾಗರಿಕರ ಸಮಿತಿಯ ಮುಂದಾಳಾಗಿ, 2004ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ನಕ್ಸಲರಿಗೂ ಸರ್ಕಾರಕ್ಕೂ ನಡೆದ ಶಾಂತಿ ಮಾತುಕತೆಯ ದಾರಿ ಮಾಡಿದರು. ಆ ಮಾತುಕತೆಯಲ್ಲಿ ಭೂಮಿಯ ಪ್ರಶ್ನೆಯೇ ದೊಡ್ಡದಾಗಿತ್ತು. ಮಾತುಕತೆ ಮುರಿದುಬಿತ್ತು.

ಎಲ್ಲ ಮೊಕದ್ದಮೆಗಳೂ ಭೂಮಿಯವಲ್ಲ. 2007ರ ಆಗಸ್ಟ್ 20ರಂದು ವಿಶಾಖಪಟ್ಟಣದ ಏಜೆನ್ಸಿಯ ವಾಕಪಲ್ಲಿಯಲ್ಲಿ ನಕ್ಸಲ್ ನಿಗ್ರಹದ ಗ್ರೇಹೌಂಡ್ಸ್ ಪೊಲೀಸರು ಅತ್ಯಾಚಾರ ಮಾಡಿದರೆಂದು ಕೊಂದ್ ಬುಡಕಟ್ಟಿನ 11 ಮಂದಿ ಮಹಿಳೆಯರು ದೂರಿತ್ತರು. ಹದಿನೈದು ವರ್ಷ ದಾಟಿ, 2023ರ ಏಪ್ರಿಲ್‌ನಲ್ಲಿ, ವಿಶೇಷ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. ತನಿಖೆಯೇ ಸರಿಯಾಗಿ ನಡೆದಿಲ್ಲ ಎಂದೂ ಹೇಳಿ ಮಹಿಳೆಯರಿಗೆ ಪರಿಹಾರ ಕೊಡುವಂತೆ ಆದೇಶಿಸಿತು.

ಸಮತಾ ತೀರ್ಪು ಮತ್ತು 1997

ಅದೇ ವಿಶಾಖಪಟ್ಟಣದ ಏಜೆನ್ಸಿಯ ಅನಂತಗಿರಿ ಮಂಡಲದಲ್ಲಿ, ಬೊರ್ರಾ ಗುಹೆಗಳ ಸುತ್ತ, ಖಾಸಗಿ ಕಂಪನಿಗಳಿಗೆ ಸರ್ಕಾರ ಗಣಿ ಗುತ್ತಿಗೆ ಕೊಟ್ಟಿತ್ತು. ‘ಸಮತಾ’ ಸಂಸ್ಥೆ ಹೈದರಾಬಾದಿನ ಹೈಕೋರ್ಟಿನಲ್ಲಿ ಪ್ರಶ್ನಿಸಿ ಸೋತು ಸುಪ್ರೀಂ ಕೋರ್ಟಿಗೆ ಹೋಯಿತು. ವ್ಯಾಜ್ಯ ನಿಂತದ್ದು ‘ವ್ಯಕ್ತಿ’ ಎಂಬ ಒಂದು ಪದದ ಮೇಲೆ. ಯಾವ ವ್ಯಕ್ತಿಯೂ ಆದಿವಾಸಿಯಲ್ಲದವರಿಗೆ ಜಮೀನು ವರ್ಗಾಯಿಸಕೂಡದು ಎನ್ನುತ್ತದೆ 1/70. ಸರ್ಕಾರ ತಾನು ವ್ಯಕ್ತಿಯಲ್ಲ ಎಂದು ವಾದಿಸಿತು. ಸರ್ಕಾರವೂ ವ್ಯಕ್ತಿಯೇ, ಅದರ ಗುತ್ತಿಗೆಗಳು ಅನೂರ್ಜಿತ ಎಂದು 1997ರ ಜುಲೈ 11ರಂದು ಬಹುಮತದ ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಕೆ. ರಾಮಸ್ವಾಮಿ. ಗಣಿ ನಡೆಸುವುದಾದರೆ ಸರ್ಕಾರಿ ನಿಗಮ ಅಥವಾ ಆದಿವಾಸಿಗಳ ಸಹಕಾರ ಸಂಘ ನಡೆಸಲಿ, ಲಾಭದ ಕನಿಷ್ಠ ಶೇಕಡಾ 20 ಆ ಪ್ರದೇಶಕ್ಕೇ ಹೋಗಲಿ ಎಂದಿತು ಪೀಠ. ಸರ್ಕಾರವನ್ನು ‘ವ್ಯಕ್ತಿ’ ಮಾಡಿದ ಆ ಸಾಲನ್ನು ಈ ಲೇಖಕ ಸ್ವತಂತ್ರ ಭಾರತದ ದೊಡ್ಡ ವ್ಯಾಕರಣ ಪಾಠಗಳಲ್ಲಿ ಒಂದೆಂದು ಎಣಿಸುತ್ತಾನೆ.

ಆ ವರ್ಷವೇ ಏಷ್ಯಾದ ಬೇರೆ ಕಡೆಗಳಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಮಾರ್ಚ್‌ನಲ್ಲಿ ಜಪಾನಿನ ಸಪ್ಪೊರೊ ಜಿಲ್ಲಾ ನ್ಯಾಯಾಲಯ, ಐನು ಜನರ ಪವಿತ್ರ ನೆಲವನ್ನು ನಿಬುತಾನಿ ಅಣೆಕಟ್ಟಿಗಾಗಿ ವಶಪಡಿಸಿಕೊಂಡದ್ದು ಕಾನೂನುಬಾಹಿರ ಎಂದಿತು, ಆದರೆ ಕಟ್ಟಿ ಮುಗಿದಿದ್ದ ಅಣೆಕಟ್ಟನ್ನು ಉಳಿಸಿತು. ಅಕ್ಟೋಬರಿನಲ್ಲಿ ಫಿಲಿಪ್ಪೀನ್ಸ್ ಮೂಲನಿವಾಸಿಗಳ ಹಕ್ಕುಗಳ ಕಾಯಿದೆ ತಂದು, ಪೂರ್ವಜರ ನೆಲದಲ್ಲಿ ಯೋಜನೆ ಮಾಡಲು ಆ ಜನರ ಮುಂಚಿತ ಒಪ್ಪಿಗೆ ಬೇಕೆಂದಿತು. ಡಿಸೆಂಬರ್ 2ರಂದು ಬಾಂಗ್ಲಾದೇಶದ ಚಿತ್ತಗಾಂಗ್ ಗುಡ್ಡಗಾಡಿನ ಒಪ್ಪಂದಕ್ಕೆ ಸಹಿ ಬಿತ್ತು. 2013ರಲ್ಲಿ ಇಂಡೊನೇಷ್ಯಾದ ಸಂವಿಧಾನ ನ್ಯಾಯಾಲಯ, ರೂಢಿಯ ಕಾಡು ಸರ್ಕಾರದ ಕಾಡಲ್ಲ ಎಂದು ಸಾರಿತು.

ಏಷ್ಯಾದ ಸರ್ಕಾರಗಳಿಗೆ ‘ಮೂಲನಿವಾಸಿ’ ಎಂಬ ಪದವೇ ಇರಿಸುಮುರಿಸು. ಬುಡಕಟ್ಟು ಜನರ ಕುರಿತ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 107ನೆಯ ಒಡಂಬಡಿಕೆಯನ್ನು ಭಾರತ 1958ರಲ್ಲೇ ಒಪ್ಪಿತ್ತು. 1989ರ 169ನೆಯದನ್ನು ಒಪ್ಪಿಲ್ಲ. ಏಷ್ಯಾದಲ್ಲಿ ಅದನ್ನು ಒಪ್ಪಿರುವ ದೇಶ ನೇಪಾಳ ಒಂದೇ. 2007ರ ವಿಶ್ವಸಂಸ್ಥೆಯ ಮೂಲನಿವಾಸಿ ಹಕ್ಕುಗಳ ಘೋಷಣೆಗೆ ಭಾರತ ಮತ ಕೊಟ್ಟಿತು, ಜೊತೆಗೇ ಭಾರತೀಯರೆಲ್ಲರೂ ಮೂಲನಿವಾಸಿಗಳೇ ಎಂಬ ನಿಲುವನ್ನೂ ಇಟ್ಟುಕೊಂಡಿತು.

ಕಾಡಿನ ಹಕ್ಕು, ಯುರೇನಿಯಂ, ಶಾಲೆ

2006ರ ಅರಣ್ಯ ಹಕ್ಕುಗಳ ಕಾಯಿದೆ ಪೋಡು ಭೂಮಿಗೆ ಮೊದಲ ಬಾರಿ ಕಾನೂನಿನ ಮುಖ ಕೊಟ್ಟಿತು. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಉಳುತ್ತಿರುವವರಿಗೆ ಹಕ್ಕು, ಅರ್ಜಿ ಮೊದಲು ಗ್ರಾಮಸಭೆಗೆ. ಕರ್ನಾಟಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಈ ಕಾಯಿದೆಯಡಿ ಸಮುದಾಯದ ಹಕ್ಕು ಪಡೆದರು. ಹುಲಿ ಮೀಸಲಿನೊಳಗೆ ಇಂಥ ಮಾನ್ಯತೆ ದೇಶದಲ್ಲೇ ಮೊದಲು. ತೆಲಂಗಾಣದಲ್ಲಿ ವೈಯಕ್ತಿಕ ಪಟ್ಟಾಗಳದೇ ದೊಡ್ಡ ಮಾತು. 2015ರಲ್ಲಿ ಶುರುವಾದ ‘ಹರಿತ ಹಾರಂ’ ಗಿಡ ನೆಡುವ ಯೋಜನೆಯ ಗುಂಡಿಗಳು ಪೋಡು ಹೊಲಗಳಲ್ಲೇ ಬಿದ್ದಾಗ ಹೊಡೆದಾಟಗಳಾದವು. 2023ರ ಜೂನ್ 30ರಂದು ಆಸಿಫಾಬಾದಿನಲ್ಲಿ ಶುರುವಾದ ಹಂಚಿಕೆಯಲ್ಲಿ 1.51 ಲಕ್ಷ ಜನರಿಗೆ 4.06 ಲಕ್ಷ ಎಕರೆಯ ಪಟ್ಟಾ ಎಂದು ಸರ್ಕಾರ ಘೋಷಿಸಿತು. ಭೀಮ ಹನ್ನೆರಡು ಹಳ್ಳಿಗಳ ನೆಲಕ್ಕೆ ಹಕ್ಕು ಕೇಳಿದ್ದ ಸೀಮೆ ಇದೇ ಆಸಿಫಾಬಾದ್.

ನಲ್ಲಮಲದ ಚೆಂಚುಗಳ ಅಮ್ರಾಬಾದ್ ಹುಲಿ ಮೀಸಲಿನಲ್ಲಿ ಯುರೇನಿಯಂ ಶೋಧಿಸುವ ಯೋಚನೆಗೆ 2019ರಲ್ಲಿ ಹೈದರಾಬಾದಿನ ಸಿನಿಮಾ ನಟರಿಂದ ಹಿಡಿದು ಕಾಲೇಜು ಹುಡುಗರವರೆಗೆ ವಿರೋಧ ಎದ್ದಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ವಿಧಾನಸಭೆ ಒಮ್ಮತದಿಂದ ಬೇಡವೆಂದು ಗೊತ್ತುವಳಿ ಮಾಡಿತು. ಕೃಷ್ಣೆಯ ನೀರು ನಗರದ ನಲ್ಲಿಗೂ ಬರುತ್ತದೆ ಎಂಬ ಸಂಗತಿ ಈ ಒಮ್ಮತಕ್ಕೆ ನೆರವಾಗಿರಬೇಕು. ಪೋಲವರಂ ಅಣೆಕಟ್ಟಿನ ವಿಷಯದಲ್ಲಿ ಅಂಥ ಒಮ್ಮತ ಮೂಡಲಿಲ್ಲ. ಮುಳುಗಡೆಯ ಕೋಯ, ಕೊಂಡರೆಡ್ಡಿ ಹಳ್ಳಿಗಳಿದ್ದ ಮಂಡಲಗಳನ್ನು 2014ರಲ್ಲಿ ತೆಲಂಗಾಣದಿಂದ ಆಂಧ್ರಕ್ಕೆ ಬಿಟ್ಟುಕೊಡಲಾಯಿತು.

ಅನುಸೂಚಿತ ಪ್ರದೇಶದ ಶಾಲೆಗಳ ಶಿಕ್ಷಕ ಹುದ್ದೆಗಳೆಲ್ಲವನ್ನೂ ಸ್ಥಳೀಯ ಆದಿವಾಸಿಗಳಿಗೆ ಕೊಟ್ಟಿದ್ದ 2000ದ ಜಿಒ 3 ಆದೇಶವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಏಪ್ರಿಲ್ 22ರಂದು ರದ್ದುಮಾಡಿತು. ಮಾರ್ಲವಾಯಿಯ ಗೋಂಡ ಶಿಕ್ಷಕರ ನೆನಪಿದ್ದವರಿಗೆ ಇದು ಕಹಿ ಸುದ್ದಿ.

ಯಾರು ಆದಿವಾಸಿ

1976ರ ಕಾಯಿದೆಯಿಂದ ತೆಲಂಗಾಣ ಭಾಗದ ಲಂಬಾಡಿಗಳು (ಬಂಜಾರರು) ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅದೇ ಜನ ಕರ್ನಾಟಕದಲ್ಲಿ ಲಂಬಾಣಿಗಳು, ಪರಿಶಿಷ್ಟ ಜಾತಿಯವರು. ಮಹಾರಾಷ್ಟ್ರದಲ್ಲಿ ಎರಡೂ ಅಲ್ಲ. ಬೀದರಿನ ತಾಂಡಾದ ಹೆಣ್ಣು ಜಹೀರಾಬಾದಿನ ತಾಂಡಾಕ್ಕೆ ಸೊಸೆಯಾಗಿ ಹೋದರೆ ಅವಳ ಕಾಗದಗಳು ತಹಸೀಲ್ದಾರನನ್ನೇ ಗೊಂದಲಕ್ಕೆ ಕೆಡವುತ್ತವೆ. ಮಹಾರಾಷ್ಟ್ರದಿಂದ ಬಂದವರು ಪಟ್ಟಿಯ ಬಲದಿಂದ ಆದಿಲಾಬಾದಿನ ನೆಲವನ್ನೂ ನೌಕರಿಗಳನ್ನೂ ಪಡೆದರೆಂಬುದು ಗೋಂಡರ, ಕೋಯರ ದೂರು. 2017ರ ಡಿಸೆಂಬರಿನಲ್ಲಿ ಹೈದರಾಬಾದಿನ ಸರೂರ್‌ನಗರದಲ್ಲಿ ಆದಿವಾಸಿಗಳು ನೆರೆದು, ಲಂಬಾಡಿಗಳನ್ನು ಪಟ್ಟಿಯಿಂದ ತೆಗೆಯಬೇಕೆಂದು ಕೇಳಿದರು. ತಾಂಡಾದಲ್ಲಿ ಬಡತನ ಕಡಿಮೆಯೇನಿಲ್ಲ. 1/70 ಇಬ್ಬರು ಬಡವರ ಜಗಳಕ್ಕಾಗಿ ಬರೆದ ಕಾಯಿದೆಯೂ ಅಲ್ಲ. 2022ರ ಸೆಪ್ಟೆಂಬರ್ 17ರಂದು ಸರ್ಕಾರ ಕೊಮರಂ ಭೀಮ ಆದಿವಾಸಿ ಭವನವನ್ನೂ ಸೇವಾಲಾಲ್ ಬಂಜಾರ ಭವನವನ್ನೂ ಒಂದೇ ದಿನ ತೆರೆಯಿತು. ಎರಡೂ ಇರುವುದು ಬಂಜಾರಾ ಹಿಲ್ಸ್‌ನಲ್ಲಿ. ಬಂಜಾರರ ಹೆಸರು ಹೊತ್ತ ಆ ಬಡಾವಣೆಯಲ್ಲಿ ಒಂದು ಗುಂಟೆ ಕೊಳ್ಳಲು ಇವತ್ತು ಯಾವ ತಾಂಡಾದವನಿಗೂ ಸಾಧ್ಯವಿಲ್ಲ.

ಪಟ್ಟಿಯ ಹೊರಗೆ ಉಳಿದವರು ಗುತ್ತಿಕೋಯರು. 2005ರ ಜೂನ್‌ನಲ್ಲಿ ಛತ್ತೀಸ್‌ಗಢದಲ್ಲಿ ಸರ್ಕಾರದ ಬೆಂಬಲದ, ಮಾವೋವಾದಿಗಳ ವಿರುದ್ಧದ ಸಲ್ವಾ ಜುಡುಂ ಶುರುವಾದಾಗ ಒಂದೆಡೆ ಅದರ ಪಡೆಗಳಿಗೆ, ಇನ್ನೊಂದೆಡೆ ಮಾವೋವಾದಿಗಳಿಗೆ ಹೆದರಿ ಬಸ್ತರಿನಿಂದ ಗೋದಾವರಿ ದಾಟಿ ಬಂದವರು ಇವರು. ಭದ್ರಾದ್ರಿ ಕೊತ್ತಗೂಡೆಂ, ಮುಲುಗು ಕಡೆಯ ಕಾಡಿನಲ್ಲಿ ಗುಡಿಸಲು ಹಾಕಿ ಪೋಡು ಮಾಡಿಕೊಂಡಿದ್ದಾರೆ. ಸಲ್ವಾ ಜುಡುಂ ಸಂವಿಧಾನ ವಿರೋಧಿ ಎಂದು 2011ರ ಜುಲೈ 5ರಂದು ತೀರ್ಪು ಕೊಟ್ಟ ಪೀಠದಲ್ಲಿದ್ದವರು ಹೈದರಾಬಾದಿನಲ್ಲಿ ವಕೀಲಿ ಆರಂಭಿಸಿದ್ದ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ. ತೀರ್ಪು ಬಂದರೂ ಓಡಿಬಂದವರಲ್ಲಿ ಹೆಚ್ಚಿನವರು ಮರಳಲಿಲ್ಲ. ಬಸ್ತರಿನಲ್ಲಿ ಅವರು ಪರಿಶಿಷ್ಟ ಪಂಗಡ; ಇಲ್ಲಿ ವಲಸಿಗರು, ಜಾತಿ ಪ್ರಮಾಣಪತ್ರ ಸಿಗುವುದಿಲ್ಲ. 2022ರ ನವೆಂಬರಿನಲ್ಲಿ ಪೋಡು ತಡೆಯಲು ಹೋದ ಅರಣ್ಯ ವಲಯಾಧಿಕಾರಿಯೊಬ್ಬರು ಗುತ್ತಿಕೋಯರ ಕೈಯಲ್ಲಿ ಕೊಲೆಯಾದ ಮೇಲೆ ಒಕ್ಕಲೆಬ್ಬಿಸುವ ಒತ್ತಾಯ ಜೋರಾಯಿತು. ಅರಣ್ಯ ಹಕ್ಕಿನ ಅರ್ಜಿ ಹಾಕಲು ಹೋದವರಿಗೆ ಕೇಳುವ ಮೊದಲ ಪ್ರಶ್ನೆ, 2005ರ ಡಿಸೆಂಬರ್ 13ಕ್ಕೆ ಮೊದಲು ಇಲ್ಲಿ ಉಳುತ್ತಿದ್ದಿರಾ ಎಂಬುದು. ಅವರಲ್ಲಿ ಬಹಳ ಮಂದಿ ಆ ದಿನ ಇನ್ನೂ ಬಸ್ತರಿನ ತಮ್ಮ ಹೊಲದಲ್ಲಿದ್ದರು.